ನೀರು ಕಟ್ಟದೆ ಊಟವಿಲ್ಲ

ಬೆಳಗಿನ ಒಂಬತ್ತು ಗಂಟೆಗೆ ಈಗ ನಾನು ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ನೆಮ್ಮದಿಯಾಗಿ ಕಾಫಿ ಕುಡಿಯುತ್ತೇನೆ. ಎರಡು ಬೇಸಿಗೆಗಳ ಹಿಂದೆ ಇದೇ ಹೊತ್ತಿಗೆ ನನ್ನ ಕೈ ಫೋನಿನ ಮೇಲೆ ಇರುತ್ತಿತ್ತು, ಮನಸ್ಸು ಸುದ್ದಗುಂಟೆಪಾಳ್ಯದ ನಮ್ಮ ಮನೆಯ ಅಂಗಳದಲ್ಲಿ ಇರುತ್ತಿತ್ತು. ಮಾವ ಉಂಡರೋ ಇಲ್ಲವೋ ಎನ್ನುವುದು ಬಿಟ್ಟು ಬೇರೆ ಯೋಚನೆಯೇ ಇರಲಿಲ್ಲ. ಒಬ್ಬ ಮನುಷ್ಯ ಹೊತ್ತಿಗೆ ಸರಿಯಾಗಿ ಉಣ್ಣುವುದು ಎಷ್ಟು ದೊಡ್ಡ ಸಮಾಧಾನ ಎನ್ನುವುದು ನನಗೆ ಗೊತ್ತಾಗಿದ್ದು ಆಗಲೇ.

ಮಾವ ಅಂದರೆ ನನ್ನ ಗಂಡನ ತಂದೆ. ಎಂಬತ್ತು ದಾಟಿದವರು. ಅವರದು ಹಳೇ ಊರಿನ ಮನೆತನ. ಮಡಿವಾಳ ಕೆರೆಯ ಕೆಳಗೆ ಇವರ ಸೊಪ್ಪಿನ ತೋಟ ಇತ್ತಂತೆ. ದಂಟು, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ. ಸೊಪ್ಪು ಅಂದಮೇಲೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮಡಿಗಳಿಗೆ ನೀರು ಕಟ್ಟಲೇಬೇಕು. ಆ ಜಾಗ ಲೇಔಟ್ ಆಗಿ ಮೂವತ್ತು ವರ್ಷದ ಮೇಲಾಯಿತು. ಕೊತ್ತಂಬರಿ ಬೆಳೆಯುತ್ತಿದ್ದ ಕಡೆ ಈಗ ಪಿಜಿಗಳಿವೆ, ಅವುಗಳ ಬಾಲ್ಕನಿ ತುಂಬ ಒಗೆದ ಜೀನ್ಸ್ ಪ್ಯಾಂಟುಗಳು ನೇತಾಡುತ್ತವೆ. ಆದರೆ ಮಾವನ ಮೈಗೆ ಮಾತ್ರ ಲೇಔಟ್ ಆದ ಸುದ್ದಿ ತಲುಪಲೇ ಇಲ್ಲ. ಮನೆಯ ಮುಂದಿನ ಅಂಗಳದಲ್ಲಿ ಬಾಳೆ, ಕೆಸು, ಕನಕಾಂಬರ, ಒಂದು ಮೂಲೆಯಲ್ಲಿ ಸೊಪ್ಪು ಹಾಕಿಕೊಂಡು, ಪೈಪು ಹಿಡಿದು ದಿನಾ ಬೆಳಿಗ್ಗೆ ಒಂದು ಗಂಟೆ ನೀರು ಕಟ್ಟುತ್ತಿದ್ದರು. ಆಮೇಲೆ ಕೈಕಾಲು ತೊಳೆದು ಬಂದು ತಟ್ಟೆಯ ಮುಂದೆ ಕೂರುತ್ತಿದ್ದರು. ಗಿಡಕ್ಕೆ ನೀರಾಗದೆ ಅವರು ಉಂಡಿದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ನೋಡಿರಲಿಲ್ಲ. ಮಳೆ ಹುಯ್ದ ದಿನವೂ ಒಂದು ಸುತ್ತು ಹಾಕಿ, ಎಲ್ಲ ನೆನೆದಿದೆ ಎಂದು ಖಾತ್ರಿಯಾದ ಮೇಲೆಯೇ ಊಟ.

ನಾನೋ ಪಾವಗಡದ ಕಡೆಯವಳು. ಅಕ್ಕಿ ತೊಳೆದ ನೀರನ್ನು ಯಾವ ಗಿಡದ ಬುಡಕ್ಕೆ ಹಾಕಬೇಕು ಎನ್ನುವುದನ್ನು ಅಕ್ಕಿ ತೊಳೆಯುವ ಮೊದಲೇ ತೀರ್ಮಾನ ಮಾಡುವ ಜನ ನಾವು. ಹೊಸ ಸೊಸೆಯಾಗಿ ಬಂದಾಗ, ಬಾಳೆಯ ಬುಡಕ್ಕೆ ಪೈಪು ಬಿಟ್ಟು ಇವರು ಬೀದಿಯವರ ಜೊತೆ ಹರಟುತ್ತಾ ನಿಂತಿರುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಸದ್ದಿಲ್ಲದೆ ಹೋಗಿ ನಲ್ಲಿ ನಿಲ್ಲಿಸಿ ಬರುತ್ತಿದ್ದೆ. ಅವರೂ ಸದ್ದಿಲ್ಲದೆ ಹೋಗಿ ತಿರುಗಿಸುತ್ತಿದ್ದರು. ಇವಳ ಊರಿನಲ್ಲಿ ನೀರನ್ನು ಚಮಚದಲ್ಲಿ ಬಡಿಸುತ್ತಾರಂತೆ ಎಂದು ನೆಂಟರ ಮುಂದೆ ನನ್ನನ್ನು ರೇಗಿಸುವುದು ಬೇರೆ. ಇಷ್ಟಾದರೂ ನಮ್ಮಿಬ್ಬರಿಗೂ ಹೊಂದಿಕೆ ಇತ್ತು. ಅತ್ತೆ ಹೋದಮೇಲಂತೂ ಮನೆಯಲ್ಲಿ ಅವರ ಜೊತೆ ಜಗಳ ಆಡಲು ಉಳಿದವಳು ನಾನೊಬ್ಬಳೇ. ಆ ಕೆಲಸವನ್ನು ನಾನು ಮನಸ್ಸಿಟ್ಟು ಮಾಡುತ್ತಿದ್ದೆ.

ಆ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಕೈಕೊಟ್ಟಿತು. ಎರಡು ದಿನ ಗಾಳಿ ಉಗುಳಿತು, ಮೂರನೇ ದಿನ ಅದೂ ನಿಂತಿತು. ಮೇಲಿನ ಮೂರು ಮನೆಗಳಲ್ಲಿ ಬಾಡಿಗೆಯವರಿದ್ದಾರೆ. ಅವರಿಗೂ ನಮಗೂ ಸೇರಿ ಒಂದೇ ಸಂಪು, ಸಂಪಿಗೆ ಟ್ಯಾಂಕರ್ ನೀರು. ಟ್ಯಾಂಕರಿನವನು ಮನಸ್ಸಾದಾಗ ಬರುವವನು. ಒಂದು ದಿನ ಏಳಕ್ಕೆ, ಇನ್ನೊಂದು ದಿನ ಮಧ್ಯಾಹ್ನಕ್ಕೆ. ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದು ಎಂದು ಊರೆಲ್ಲ ಹೇಳುತ್ತಿದ್ದ ಕಾಲ ಅದು. ಪೈಪನ್ನು ಸುತ್ತಿ ಅಟ್ಟದ ಮೇಲೆ ಎಸೆದೆವು. ಮಾವ ಬಕೆಟ್ ಹಿಡಿದು ಟ್ಯಾಂಕರಿಗೆ ಕಾಯತೊಡಗಿದರು. ಅದು ಬರುವವರೆಗೂ ಊಟ ಇಲ್ಲ.

ಇದರಲ್ಲಿ ಭಯಪಡುವಂಥದ್ದು ಏನೆಂದರೆ, ಮಾವನಿಗೆ ಸಕ್ಕರೆ ಕಾಯಿಲೆ. ಏಳು ಗಂಟೆಗೆ ಮಾತ್ರೆ ನುಂಗುತ್ತಾರೆ, ಎಂಟೂವರೆ ಒಂಬತ್ತರೊಳಗೆ ಉಣ್ಣಲೇಬೇಕು. ನಾನು ಎಂಟಕ್ಕೆಲ್ಲ ಸ್ಕೂಟರ್ ಹತ್ತಿ ಪದ್ಮನಾಭನಗರದ ಶಾಲೆಗೆ ಹೊರಡುವವಳು. ಗಂಡನಿಗೆ ಮಡಿವಾಳದಲ್ಲಿ ಹಾರ್ಡ್‌ವೇರ್ ಅಂಗಡಿ, ಅವರು ನನಗಿಂತ ಮೊದಲೇ ಹೊರಡುತ್ತಾರೆ. ಮುದ್ದೆ ಕಟ್ಟಿ ಹಾಟ್‌ಬಾಕ್ಸಿನಲ್ಲಿಟ್ಟು, ಸಾರು ಮುಚ್ಚಿಟ್ಟು, ಹತ್ತು ಸಲ ಹೇಳಿ ಹೊರಡುತ್ತಿದ್ದೆ. ಹೂಂ ಅನ್ನುತ್ತಿದ್ದರು. ಅವರ ಹೂಂ ಎನ್ನುವುದಕ್ಕೆ ಅರ್ಥವೇ ಇಲ್ಲ ಎನ್ನುವುದು ಗೊತ್ತಿದ್ದೂ ಹೊರಡುತ್ತಿದ್ದೆ.

ಒಂದು ದಿನ ಎರಡನೇ ಪೀರಿಯಡ್ ಮುಗಿಯುವ ಹೊತ್ತಿಗೆ ಫೋನ್ ಬಂತು. ಮೇಲಿನ ಮನೆಯಲ್ಲಿ ಮನೆಯಿಂದಲೇ ಕೆಲಸ ಮಾಡುವ ಒಬ್ಬ ಹುಡುಗಿ ಇದ್ದಳು, ಅವಳು. "ಆಂಟಿ, ತಾತ ಬಾಳೆಗಿಡದ ಹತ್ರ ಕೂತ್ಬಿಟ್ಟಿದ್ದಾರೆ. ಮೈಯೆಲ್ಲ ಬೆವರು, ಕೈ ನಡುಗ್ತಿದೆ. ಸಕ್ಕರೆ ನೀರು ಕುಡಿಸಿದ್ದೀನಿ, ನೀವು ಬೇಗ ಬನ್ನಿ."

ನಾನು ಆವತ್ತು ಹೇಗೆ ಸ್ಕೂಟರ್ ಓಡಿಸಿಕೊಂಡು ಬಂದೆನೋ ಈಗಲೂ ನೆನಪಿಲ್ಲ. ಬರುವಷ್ಟರಲ್ಲಿ ಮಾವ ಜಗಲಿಯ ಮೇಲೆ ಒರಗಿಕೊಂಡು ಸುಧಾರಿಸಿಕೊಂಡಿದ್ದರು. ಪಕ್ಕದಲ್ಲಿ ಖಾಲಿ ಬಕೆಟ್. ಟ್ಯಾಂಕರ್ ಇನ್ನೂ ಬಂದಿರಲಿಲ್ಲ. ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು, ಈ ವಯಸ್ಸಿನಲ್ಲಿ ಸಕ್ಕರೆ ಹೀಗೆ ಇಳಿದರೆ ಇನ್ನೊಂದು ಸಲ ಎದ್ದು ಕೂರುತ್ತಾರೆ ಎಂದು ಹೇಳಲಾಗದು ಎಂದರು. ಆ ಮಾತು ನನ್ನ ಕಿವಿಯಲ್ಲೇ ಉಳಿದುಹೋಯಿತು.

ಆ ವಾರವೇ ನಾನು ತೀರ್ಮಾನಕ್ಕೆ ಬಂದೆ. ಗಿಡಕ್ಕೆ ನೀರು ಬೇಕು ಎನ್ನುವುದರಿಂದಲೇ ತಾನೇ ಇಷ್ಟೆಲ್ಲ? ನೀರೇ ಕೇಳದ ಗಿಡ ಹಾಕಿದರೆ ಮುಗಿಯಿತಲ್ಲ. ಗಂಡನಿಗೆ ಹೇಳಿದೆ. ಅವರು, ನೀವಿಬ್ಬರೂ ಏನಾದರೂ ಮಾಡಿಕೊಳ್ಳಿ ಎನ್ನುವ ತಮ್ಮ ಮಾಮೂಲಿ ಮಾತು ಹೇಳಿ ಅಂಗಡಿಗೆ ಹೋದರು. ಬಾಳೆ ಹೇಗೂ ಬಾಡಿ ಬಾಗಿತ್ತು, ತೆಗೆಸಿದೆ. ಕೆಸು, ಕನಕಾಂಬರ ಎಲ್ಲ ಹೋದವು. ಅವುಗಳ ಜಾಗಕ್ಕೆ ಕಣಗಿಲೆ, ಕಾಗದದ ಹೂವಿನ ಬಳ್ಳಿ, ಲೋಳೆಸರ, ನಿತ್ಯಪುಷ್ಪ ಬಂದವು. ನಮ್ಮೂರ ಕಡೆ ರಸ್ತೆಯುದ್ದಕ್ಕೂ ಹಳದಿ ಹೂ ಬಿಡುವ ತಂಗಡಿಯನ್ನು ತವರಿನಿಂದಲೇ ತರಿಸಿಕೊಂಡೆ. ಫೋನಿನಲ್ಲಿ ಯಾರದೋ ತೋಟದ ವಿಡಿಯೋ ನೋಡಿ, ಗಂಡನ ಅಂಗಡಿಯಿಂದ ಬಿಳಿ ಜಲ್ಲಿ ತರಿಸಿ ನೆಲದ ಮೇಲೆಲ್ಲ ಹರಡಿದೆ. ಏಪ್ರಿಲ್ ಬಿಸಿಲಿಗೆ ಆ ಜಲ್ಲಿ ಕಾದ ಹೆಂಚಾಯಿತು, ನಿತ್ಯಪುಷ್ಪ ಅದರ ಮೇಲೆ ಬೆಂದುಹೋಯಿತು. ಅಷ್ಟರಮಟ್ಟಿಗೆ ನಾನೂ ದಡ್ಡಿಯೇ. ಉಳಿದಿದ್ದೆಲ್ಲ ನಿಂತಿತು. ನರ್ಸರಿಯವರು, ಬೇರು ಹಿಡಿಯುವವರೆಗೆ ಸ್ವಲ್ಪ ನೀರು, ಆಮೇಲೆ ಮರೆತೇಬಿಡಿ ಮೇಡಂ ಎಂದಿದ್ದರು. ಎಲ್ಲ ಬೇರು ಹಿಡಿದ ಮೇಲೆ ಒಂದು ಬೆಳಿಗ್ಗೆ ಮಾವನನ್ನು ಕರೆದು ತೋರಿಸಿ, ಇನ್ನು ನೀವು ಯಾವುದಕ್ಕೂ ಕಾಯಬೇಕಾಗಿಲ್ಲ ಎಂದೆ. ನನ್ನ ದನಿಯಲ್ಲಿ ಗೆದ್ದವಳ ಗತ್ತು ಇತ್ತು.

ಮಾವ ಅಂಗಳದ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. "ಇವು ಯಾವತ್ತೂ ನೀರು ಕೇಳಲ್ವಾ?" ಎಂದರು.

"ಕೇಳಲ್ಲ ಮಾವ."

"ಹಂಗಾದ್ರೆ ನಾನು ಯಾವಾಗ ಉಣ್ಣಲಿ?"

ತಮಾಷೆಗೆ ಕೇಳಿದರು ಎಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಮುಂದೆ ಮೂರು ವಾರ ನಡೆದಿದ್ದನ್ನು ಹೇಳಿದರೆ ಈಗ ನಗು ಬರುತ್ತದೆ, ಆಗ ಬರಲಿಲ್ಲ. ಮಾವ ಕದ್ದು ನೀರು ಹಾಕತೊಡಗಿದರು. ಸ್ನಾನದ ಮನೆಯಿಂದ ಚೊಂಬಿನಲ್ಲಿ, ಫಿಲ್ಟರಿನಿಂದ ಹೊರಬರುವ ಉಪ್ಪು ನೀರನ್ನು ಪಾತ್ರೆಯಲ್ಲಿ, ಒಮ್ಮೆಯಂತೂ ತಮ್ಮ ಪಾಲಿನ ಕುಡಿಯುವ ನೀರನ್ನೇ. ನೀರು ಹಾಕಿ ಆದಮೇಲೆ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದರು. ಇದೇನೂ ಗೊತ್ತಿಲ್ಲದ ನಾನು, ನೋಡಿ ಎಷ್ಟು ಸಲೀಸಾಯಿತು ಎಂದು ಸಹೋದ್ಯೋಗಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. ಆಮೇಲೆ ಲೋಳೆಸರದ ಬುಡ ಕೊಳೆತು ಕೈಗೆ ಬಂತು. ತಂಗಡಿಯ ಎಲೆ ಹಳದಿಯಾಗಿ ಉದುರಿತು. ನೀರಿಲ್ಲದೆ ಬದುಕುವ ಗಿಡಗಳನ್ನು ನೀರು ಹಾಕಿ ಕೊಲ್ಲುವುದು ಹೇಗೆ ಎಂದು ನೋಡಬೇಕಾದರೆ ನಮ್ಮ ಮನೆಗೆ ಬರಬೇಕಿತ್ತು. ಬೆರಳು ಒತ್ತಿ ನೋಡಿದರೆ ಮಣ್ಣು ಮೆತ್ತಗೆ ಕೆಸರು.

ನನಗೆ ಸಿಟ್ಟು ಬಂದರೆ ಬಾಯಿಗೆ ತಡೆ ಇರುವುದಿಲ್ಲ. ಮೇಲಿನ ಮನೆಯವರಿಗೆ ಕೇಳಿಸಿದರೂ ಸರಿ ಎಂದು ಕೂಗಾಡಿದೆ. ಸೊಪ್ಪಿನ ಮಡಿ ಅಲ್ಲ ಇದು, ನಿಮ್ಮ ಕೈಗೆ ಸಿಕ್ಕಿದ್ದಕ್ಕೆಲ್ಲ ನೀರು ಹೊಯ್ದು ಹೊಯ್ದು ಸಾಯಿಸುತ್ತೀರಿ ಎಂದುಬಿಟ್ಟೆ. ಮಾವ ಚೊಂಬನ್ನು ಬೋರಲು ಹಾಕಿ ಒಳಗೆ ಹೋದರು. ಅವತ್ತಿನಿಂದ ನೀರು ಹಾಕುವುದನ್ನು ಬಿಟ್ಟರು. ಅದರ ಜೊತೆಗೇ ಉಣ್ಣುವುದೂ ಹೋಯಿತು.

ಹಟ ಎಂದು ಮೊದಲು ತಿಳಿದುಕೊಂಡೆ. ಹಟವಾಗಿದ್ದರೆ ಚೆನ್ನಾಗಿತ್ತು, ಹಟಕ್ಕೆ ಎದುರು ಹಟ ಹೂಡುವುದು ನನಗೆ ಗೊತ್ತು. ಇದು ಹಟ ಅಲ್ಲ. ತಟ್ಟೆಯ ಮುಂದೆ ಕೂರುತ್ತಿದ್ದರು, ಮುದ್ದೆ ಮುರಿಯುತ್ತಿದ್ದರು, ಎರಡು ತುತ್ತಿಗೆ ಕೈ ತೊಳೆಯುತ್ತಿದ್ದರು. "ಹಸಿವೇ ಆಗ್ತಿಲ್ಲಮ್ಮ" ಎಂದರು ಒಂದು ದಿನ, ತಪ್ಪು ಮಾಡಿದವರ ಹಾಗೆ. ಹತ್ತು ದಿನದಲ್ಲಿ ಅಂಗಿ ಜೋತುಬಿತ್ತು. ಬೆಳಿಗ್ಗೆ ಹಾಸಿಗೆಯಿಂದ ಏಳುವುದೂ ತಡವಾಯಿತು. ಎದ್ದು ಮಾಡುವುದಾದರೂ ಏನಿದೆ ಎನ್ನುವಂತೆ ಗೋಡೆ ನೋಡುತ್ತಾ ಮಲಗಿರುತ್ತಿದ್ದರು. ಮಾತ್ರೆ ಕೊಡಲು ನನಗೆ ಹೆದರಿಕೆ, ಕೊಡದಿರಲೂ ಹೆದರಿಕೆ. ನೀರಿನ ತಾಪತ್ರಯ ತಪ್ಪಿಸಲು ಹೋಗಿ ಮನುಷ್ಯನ ಹಸಿವನ್ನೇ ಕಿತ್ತು ಹಾಕಿದೆನಲ್ಲ ಎಂದು ಮನಸ್ಸು ಚುಚ್ಚುತ್ತಿತ್ತು. ಬಾಳೆ ಇದ್ದಿದ್ದರೆ ವಾಪಸ್ ನೆಟ್ಟುಬಿಡುತ್ತಿದ್ದೆ. ಅದಕ್ಕೆ ಹಾಕಲು ನೀರೆಲ್ಲಿ?

ಒಂದು ಭಾನುವಾರ ಬೆಳಿಗ್ಗೆ ಅವರ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತೆ. ಜಗಳ ಆಡಲು ಅಲ್ಲ, ನನಗೆ ನಿಜವಾಗಿಯೂ ತಿಳಿಯಬೇಕಿತ್ತು. ಗಿಡಕ್ಕೆ ನೀರಾಗದೆ ಉಣ್ಣಬಾರದು ಎಂದು ನಿಮಗೆ ಯಾರು ಹೇಳಿದ್ದು, ಅದು ಯಾವ ದೇವರ ಹರಕೆ ಎಂದು ಕೇಳಿದೆ. ಇಷ್ಟು ವರ್ಷ ನಾನು ಹಾಗೇ ಅಂದುಕೊಂಡಿದ್ದೆ. ಭೂಮಿತಾಯಿಗೆ ಕೊಟ್ಟ ಮಾತು, ಹಿರಿಯರ ಕಟ್ಟಳೆ, ಅಂಥದ್ದೇನೋ ಇರಬೇಕು ಎಂದು.

ಮಾವ ನನ್ನ ಮುಖ ನೋಡಿದರು. "ಹರಕೆ ಏನು ಬಂತು. ಮುದ್ದೆ ಉಂಡ್ರೆ ನಿದ್ದೆ ಬರುತ್ತೆ. ನೀರು ಬಿಟ್ಕೊಂಡು ನಿದ್ದೆ ಹೋದ್ರೆ ಮಡಿ ಕೊಚ್ಕೊಂಡು ಹೋಗುತ್ತೆ. ನಮ್ಮಪ್ಪ ಒಂದ್ಸಲ ನನ್ನ ಮೊದ್ಲೇ ಉಣ್ಣೋಕೆ ಬಿಟ್ಟು ನೋಡಿದ್ರು, ಎರಡು ಮಡಿ ಮೆಂತ್ಯ ಕೆರೆ ಕಾಲುವೆಗೆ ಹೋಯ್ತು. ಅದಕ್ಕೇ ಕೆಲಸ ಆಗೋವರ್ಗೂ ಊಟ ಕೊಡ್ಬೇಡ ಅಂತ ಅಮ್ಮಂಗೆ ಹೇಳಿದ್ರು. ಅಷ್ಟೇ."

ಅಷ್ಟೇ. ಎರಡು ಮಡಿ ಮೆಂತ್ಯ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಎದೆಯ ಮೇಲಿನ ಭಾರ ಅರ್ಧ ಇಳಿಯಿತು. ಹರಕೆಯಾಗಿದ್ದರೆ ಅದಕ್ಕೆ ನೀರೇ ಬೇಕಿತ್ತು. ಇದು ಬರೀ ಕೆಲಸದ ಮಾತು, ಕೆಲಸ ಆದಮೇಲೆ ಊಟ ಎನ್ನುವ ಮಾತು. ಅವರ ಹೊಟ್ಟೆ ಎಪ್ಪತ್ತು ವರ್ಷದಿಂದ ಕಾಯುತ್ತಿದ್ದದ್ದು ನೀರಿಗಲ್ಲ, ಕೆಲಸ ಮುಗಿಯುವುದಕ್ಕೆ. ನಾನು ನೀರಿನ ಜೊತೆಗೆ ಅವರ ಕೆಲಸವನ್ನೂ ಸುತ್ತಿ ಅಟ್ಟದ ಮೇಲೆ ಎಸೆದಿದ್ದೆ.

ಹಾಗಾದರೆ ನೀರಿಲ್ಲದ ಕಡೆಯವರು ಊಟಕ್ಕೆ ಮುಂಚೆ ಏನು ಮಾಡುತ್ತಾರೆ ಎಂದು ಯೋಚಿಸಿದೆ. ನಮ್ಮಪ್ಪ ಬೇಸಾಯ ಮಾಡುತ್ತಿದ್ದರು, ಶೇಂಗಾ ಹೊಲ. ಮಳೆ ಹೋಗಿ ಹದಿನೈದು ದಿನವಾದರೂ ಬೆಳಗಾಗುತ್ತಲೇ ಹೊಲಕ್ಕೆ ಹೋಗಿ ಸಾಲಿನ ನಡುವೆ ಕುಂಟೆ ಹೊಡೆಯುತ್ತಿದ್ದರು. ಕಳೆ ಇರಲಿ ಬಿಡಲಿ, ಹೊಡೆಯುತ್ತಿದ್ದರು. ಮೇಲಿನ ಮಣ್ಣು ಬಿರಿದು ಬಾಯಿ ಬಿಟ್ಟರೆ ಕೆಳಗಿನ ತೇವ ಆ ಬಾಯಿಂದ ಹಾರಿಹೋಗುತ್ತದೆ, ಮೇಲೆ ಪುಡಿ ಮಣ್ಣಿನ ಹೊದಿಕೆ ಇದ್ದರೆ ತೇವ ಒಳಗೇ ಉಳಿಯುತ್ತದೆ ಎನ್ನುತ್ತಿದ್ದರು. ಓದು ಬರಹ ಕಲಿತು ಮಕ್ಕಳಿಗೆ ವಿಜ್ಞಾನ ಪಾಠ ಮಾಡುವ ನನಗೆ ಇದು ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ.

ಮಾವನಿಗೆ ಹೇಳಿದೆ. ಅವರು ಮಲಗಿದಲ್ಲಿಂದಲೇ, ಒಣ ಮಣ್ಣು ಕೆದಕಿದರೆ ನೀರು ಬರುತ್ತದೆಯೇ, ನಿಮ್ಮೂರಿನವರು ನೀರು ಕಂಡಿದ್ದರೆ ತಾನೇ ಎಂದರು. ತಿಂಗಳ ಮೇಲೆ ಮೊದಲ ಸಲ ನನ್ನನ್ನು ರೇಗಿಸಿದ್ದರು. ನನಗೆ ಎಷ್ಟು ಖುಷಿಯಾಯಿತೆಂದರೆ ಸಿಟ್ಟು ಬಂದವಳ ಹಾಗೆ ನಟಿಸಿ ಎದ್ದು ಹೋದೆ.

ಪಂದ್ಯ ಕಟ್ಟಿಯೇ ಬಿಡೋಣ ಎನಿಸಿತು. ಜಲ್ಲಿಯನ್ನೆಲ್ಲ ಗೋರಿ ಮೂಟೆಗೆ ತುಂಬಿದೆ. ತಂಗಡಿ, ಕಣಗಿಲೆ ಇರುವ ಪಾತಿಯ ಎರಡೂ ಅರ್ಧಕ್ಕೆ ಪಾತ್ರೆ ತೊಳೆದ ಕೊನೆಯ ನೀರನ್ನು ಒಂದೊಂದು ಬಕೆಟ್ ಸಮವಾಗಿ ಹಾಕಿದೆ. ಮಾರನೇ ದಿನ ಮೇಲ್ಮಣ್ಣು ಆರಿದ ಮೇಲೆ ಎಡಗಡೆಯ ಅರ್ಧವನ್ನು ಮಾತ್ರ ಕೈಗುದ್ದಲಿಯಲ್ಲಿ ಹಗುರಾಗಿ ಕೆದಕಿ ಪುಡಿ ಮಾಡಿದೆ. ಬಲಗಡೆ ಮುಟ್ಟಲಿಲ್ಲ. ಮಾವ ಕಿಟಕಿಯಿಂದ ನೋಡುತ್ತಿದ್ದರು. ನಾನು ಗುದ್ದಲಿ ಹಿಡಿದ ರೀತಿ ಅವರಿಗೆ ಸೈರಿಸಲಾಗುತ್ತಿಲ್ಲ ಎನ್ನುವುದು ಮುಖದಲ್ಲೇ ಕಾಣುತ್ತಿತ್ತು.

ಐದನೇ ದಿನ ಸಂಜೆ ಶಾಲೆಯಿಂದ ಬಂದು ಅವರನ್ನು ಕೈಹಿಡಿದು ಕರೆತಂದೆ. ಬಲಗಡೆ ಮಣ್ಣು ಗಟ್ಟಿಯಾಗಿ ಸೀಳುಬಿಟ್ಟಿತ್ತು, ಬೆರಳು ಇಳಿಯಲಿಲ್ಲ. ಎಡಗಡೆ ಪುಡಿ ಮಣ್ಣು ಸರಿಸಿ ಬೆರಳು ಚುಚ್ಚಿದರು. ತುದಿಗೆ ಕಪ್ಪಗೆ ತೇವದ ಮಣ್ಣು ಅಂಟಿ ಬಂತು. ಅದನ್ನು ಮೂಸಿದರು, ಹೆಬ್ಬೆರಳಿನಲ್ಲಿ ಉಜ್ಜಿದರು, ಇನ್ನೊಂದು ಕಡೆ ಚುಚ್ಚಿ ನೋಡಿದರು. ಗುದ್ದಲಿ ಎಲ್ಲಿ ಎಂದು ಕೇಳಿದರು.

ಮರುದಿನ ಆರೂವರೆಗೆ ನಾನು ಹಾಲಿಗೆ ಬಾಗಿಲು ತೆಗೆದಾಗ ಮಾವ ಪಂಚೆ ಎತ್ತಿ ಕಟ್ಟಿ ಬಲಗಡೆಯ ಪಾತಿಯಲ್ಲಿ ಕೂತಿದ್ದರು. ಆಮೇಲೆ ಎಲ್ಲ ಅವರದೇ ಕಾರುಬಾರು. ಬೀದಿಯ ಹೊಂಗೆ ಮರದ ಎಲೆಯನ್ನು ಗುಡಿಸುವ ಅಕ್ಕನ ಹತ್ತಿರ ಮೂಟೆಗಟ್ಟಲೆ ಇಸಕೊಂಡು ಬಂದು ಬುಡಗಳಿಗೆ ಹೊದಿಸಿದರು. ಇಳಿಜಾರಿನಲ್ಲಿ ನೀರು ಗೇಟಿನ ಕಡೆ ಹರಿದುಹೋಗದಂತೆ ಬದು ಕಟ್ಟಿದರು. ನನ್ನ ತಂಗಡಿ ನೆಟ್ಟ ಜಾಗ ಸರಿಯಿಲ್ಲ ಎಂದು ಬೈದರು. ದಿನಾ ಬೆಳಿಗ್ಗೆ ಎರಡು ಕಡೆ ಬೆರಳಿಟ್ಟು ನೋಡುವುದು, ಮೇಲ್ಮಣ್ಣು ಗಟ್ಟಿಯಾದ ಕಡೆ ಕೆದಕುವುದು, ಎಲೆ ಸರಿಪಡಿಸುವುದು. ವಾರಕ್ಕೊಮ್ಮೆ ಒಂದು ಬಕೆಟ್, ಅದೂ ಬೆರಳು ಒಪ್ಪಿದರೆ. ಕೆಲಸ ಮುಗಿಸಿ ಕೈಕಾಲು ತೊಳೆದು ಎಂಟೂವರೆಗೆ ತಟ್ಟೆ ಹಾಕಿಕೊಳ್ಳುತ್ತಿದ್ದರು. ನಾನು ಶಾಲೆಯಿಂದ ಫೋನ್ ಮಾಡಿದರೆ, ಉಂಡಾಯ್ತು, ನೀನು ಪಾಠ ಮಾಡು ಎಂದು ಇಟ್ಟುಬಿಡುತ್ತಿದ್ದರು. ಮುಂದಿನ ತಪಾಸಣೆಯಲ್ಲಿ ಡಾಕ್ಟರ್ ರಿಪೋರ್ಟ್ ನೋಡಿ ತಲೆಯಾಡಿಸಿದಾಗ ನನಗೆ ಅಲ್ಲೇ ಕಣ್ಣು ತುಂಬಿತು.

ಆದರೂ ಒಂದು ಅಳುಕು ಒಳಗೆ ಉಳಿದಿತ್ತು. ಈ ಕೆಲಸವೂ ನಿಲ್ಲುವ ದಿನ ಬಂದರೆ? ಜ್ವರ ಬಂದರೆ, ಮಂಡಿ ನೋವಾದರೆ, ಕೈ ಸೋತರೆ? ಆಗ ಮತ್ತೆ ಗೋಡೆ ನೋಡುತ್ತಾ ಮಲಗುತ್ತಾರೆಯೇ ಎಂದು ಒಮ್ಮೊಮ್ಮೆ ಪಾಠದ ನಡುವೆಯೇ ಯೋಚನೆ ಬರುತ್ತಿತ್ತು.

ಕಳೆದ ಬೇಸಿಗೆಯ ಒಂದು ಭಾನುವಾರ. ಬೋರ್‌ವೆಲ್‌ನಲ್ಲಿ ಹೇಳಿಕೊಳ್ಳುವಷ್ಟು ನೀರಿರಲಿಲ್ಲ, ಅಂಗಳದಲ್ಲಿ ಮಾತ್ರ ತಂಗಡಿ ಹೂಬಿಟ್ಟು ನಿಂತಿತ್ತು. ನಾನು ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದೆ. ಇನ್ನೂ ಎಂಟು ಗಂಟೆ. ಮಾವ ಮುಂಬಾಗಿಲಿನಿಂದ ಹೊರಗೆ ಒಮ್ಮೆ ಇಣುಕಿದರು. ಗುದ್ದಲಿ ಬಾಗಿಲ ಪಕ್ಕದಲ್ಲೇ ಇತ್ತು. ಅದನ್ನು ಮುಟ್ಟದೆ ಒಳಗೆ ಬಂದು ನೆಲದ ಮೇಲೆ ಚಾಪೆ ಹಾಸಿ ಕೂತರು.

"ಬಡಿಸಮ್ಮ" ಎಂದರು.

ನನ್ನ ಕೈ ನಿಂತಿತು. "ಗಿಡದ ಕೆಲಸ, ಮಾವ?"

"ಅವಕ್ಕೇನು ಅರ್ಜೆಂಟು? ನನಗೆ ಹಸಿವಾಗಿದೆ."

ತಟ್ಟೆಗೆ ಮುದ್ದೆ ಹಾಕಿ ಅವರ ಮುಂದಿಟ್ಟು ಸಾರು ತರಲು ಒಳಗೆ ಬಂದೆ. ಸಾರಿನ ಪಾತ್ರೆ ಹಿಡಿದುಕೊಂಡು, ಒಲೆಯ ಕಡೆ ಮುಖ ಮಾಡಿ, ಎಷ್ಟು ಹೊತ್ತು ನಿಂತಿದ್ದೆನೋ. ಕಣ್ಣಿನಿಂದ ನೀರು ಸುಮ್ಮನೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಎರಡೂ ಕೈ ಖಾಲಿ ಇರಲಿಲ್ಲ. ಹೊರಗಿನಿಂದ ಮಾವ ತಟ್ಟೆಯನ್ನು ನೆಲಕ್ಕೆ ಕುಟ್ಟುವುದು ಕೇಳಿಸಿತು.

"ಸಾರು ಎಲ್ಲಿ? ಮುದ್ದೆ ಆರ್ತಾ ಇದೆ."